ಹಿತ್ತಲಿನ ಮೂರು ಕಲ್ಲು

ಮೂರು ಕಲ್ಲನ್ನು ಒಲೆಯ ಹಾಗೆ ಕೂಡಿಟ್ಟದ್ದು ಕಂಡರೆ ನನಗೆ ಇವತ್ತಿಗೂ ಎದೆ ಡವಡವ ಅನ್ನುತ್ತದೆ. ರಸ್ತೆ ಕೆಲಸದವರು ಅನ್ನ ಬೇಯಿಸಿಕೊಳ್ಳಲು ಇಟ್ಟಿರಲಿ, ಮದುವೆಮನೆಯ ಹಿಂದೆ ಬಿಸಿನೀರಿನ ಹಂಡೆಗೆ ಇಟ್ಟಿರಲಿ, ಮೊದಲು ಮೈ ನಡುಗುತ್ತದೆ, ಬುದ್ಧಿ ಬರುವುದು ಆಮೇಲೆ. ಮುಳಬಾಗಿಲಿನ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ತಲೆಗೂದಲು ಬೆಳ್ಳಗೆ ಮಾಡಿಕೊಂಡ ಹೆಂಗಸು, ಊಟದ ಸಾಲಿನಲ್ಲಿ ಎಂತೆಂಥ ತರಲೆ ಮಕ್ಕಳನ್ನು ಒಂದು ಗದರಿಕೆಗೆ ಕೂರಿಸಿದವಳು, ಕಲ್ಲಿಗೆ ಹೆದರುತ್ತಾಳೆ ಅಂದರೆ ನಗು ಬರುವುದು ಸಹಜ. ನಗುವವರು ನಗಲಿ. ಅವರ ಮನೆ ಹಿತ್ತಲಲ್ಲಿ ಆ ಕಲ್ಲುಗಳು ಕಾಣಿಸಿಕೊಂಡಿರಲಿಲ್ಲ, ಅಷ್ಟೆ.

ನಮ್ಮ ಮನೆ ಇದ್ದದ್ದು ವಕ್ಕಲೇರಿಗೆ ಹತ್ತಿರದ ಒಂದು ಊರಿನಲ್ಲಿ. ಮುಂದೆ ಪಡಸಾಲೆ, ಅದರ ಎರಡು ಪಕ್ಕಕ್ಕೆ ಒಂದೊಂದು ಕೋಣೆ, ಹಿಂದೆ ಅಡುಗೆಮನೆ, ಅದಕ್ಕೂ ಹಿಂದೆ ಎರಡು ಹಸು ಕಟ್ಟುವ ಕೊಟ್ಟಿಗೆ ಮತ್ತು ಹಿತ್ತಲು. ಒಂದು ಕೋಣೆ ನಮ್ಮದು, ಅಂದರೆ ಅಪ್ಪ, ಅಮ್ಮ, ನಾನು, ನನ್ನ ತಮ್ಮ. ಇನ್ನೊಂದು ಚಿಕ್ಕಪ್ಪ ಚಿಕ್ಕಮ್ಮನದು. ಅವ್ವನಿಗೆ ಕೋಣೆ ಬೇಕಿರಲಿಲ್ಲ. ನಮ್ಮ ಕಡೆ ಅಪ್ಪನ ತಾಯಿಯನ್ನು ಅವ್ವ ಅನ್ನುತ್ತೇವೆ. ಆಕೆ ಅಡುಗೆಮನೆಯಲ್ಲೇ, ಒಲೆಯ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದಳು. ಆ ಒಲೆಯನ್ನು ಅವಳು ಆರಲು ಬಿಟ್ಟವಳೇ ಅಲ್ಲ. ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚುವಳು, ಬೆಳಿಗ್ಗೆ ಬೂದಿ ಸರಿಸಿ ಒಂದು ಹಿಡಿ ಸೌದೆಪುಡಿ ಹಾಕಿ ಊದುವಳು. ಬೆಂಕಿಪೊಟ್ಟಣ ಮನೆಯಲ್ಲಿತ್ತು, ದೇವರ ದೀಪಕ್ಕೆ, ಗಂಡಸರ ಬೀಡಿಗೆ. ಒಲೆಗೆ ಕಡ್ಡಿ ಗೀರುವುದೆಂದರೆ ಅವ್ವನಿಗೆ ಅಪಶಕುನ. ಒಲೆ ಆರುವುದು ಸಾವಾದ ಮನೆಯಲ್ಲಿ ಮಾತ್ರ ಎಂದು ಅವಳು ನಂಬಿದ್ದಳು. ನಮ್ಮ ಜತೆ ಕನ್ನಡ ಆಡುತ್ತಿದ್ದ ಅವ್ವ ಸಿಟ್ಟು ಬಂದಾಗ ಮಾತ್ರ ತವರಿನ ತೆಲುಗಿಗೆ ಹೊರಳುತ್ತಿದ್ದಳು. ತೆಲುಗು ಕೇಳಿಸಿತು ಅಂದರೆ ನಾವು ಮಕ್ಕಳು ಕೊಟ್ಟಿಗೆಗೆ ಓಡುತ್ತಿದ್ದೆವು.

ಅಪ್ಪ ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ತೋಟಗಳಿಗೆ ಕಾಯಿ ಕೀಳಲು ಹೋಗುತ್ತಿದ್ದ, ಮಿಕ್ಕ ದಿನ ಕೋಲಾರದ ಟೊಮೆಟೊ ಮಂಡಿಯಲ್ಲಿ ಬಾಕ್ಸು ಹೊರುತ್ತಿದ್ದ. ಚಿಕ್ಕಪ್ಪ ಮುನಿರಾಜು ಹತ್ತನೇ ಕ್ಲಾಸು ಓದಿದ್ದರಿಂದ ಮಾಲೂರಿನ ಒಂದು ಕಾರ್ಖಾನೆಗೆ, ಕಬ್ಬಿಣ ಕರಗಿಸುವ ಭಟ್ಟಿಯ ಕೆಲಸಕ್ಕೆ ಸೇರಿಕೊಂಡಿದ್ದ. ಅವನದು ತಿಂಗಳ ಸಂಬಳ. ಅಣ್ಣ ಮೂರು ಕಾಸು ತಂದರೆ ತಮ್ಮ ಮೂವತ್ತು ತರುವನು. ತಂದದ್ದೆಲ್ಲ ಅವ್ವನ ಕೈಗೆ. ಅಪ್ಪನ ಬೆವರು ಹತ್ತಿದ ಚಿಲ್ಲರೆಯೂ ಚಿಕ್ಕಪ್ಪನ ಸಂಬಳದ ಕವರೂ ದೇವರ ಗೂಡಿನಲ್ಲಿ ಒಂದೇ ಕಡೆ ಕೂರುತ್ತಿದ್ದವು. ಯಾರದು ಹೆಚ್ಚು ಯಾರದು ಕಡಿಮೆ ಎಂದು ಬಾಯಿ ಬಿಟ್ಟು ಯಾರೂ ಅನ್ನುತ್ತಿರಲಿಲ್ಲ. ಅನ್ನಬೇಕಾದ್ದನ್ನು ಅವ್ವ ಮುದ್ದೆಯಲ್ಲಿ ಅನ್ನುತ್ತಿದ್ದಳು.

ಸಂಜೆ ದೀಪ ಹಚ್ಚಿದ ಮೇಲೆ ಮುದ್ದೆ. ಅವ್ವ ಕಾಲು ಚಾಚಿ ಕುಳಿತು, ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು ತೊಳಸುವಳು. ಆಮೇಲೆ ಕೈಗೆ ನೀರು ಮುಟ್ಟಿಸಿಕೊಂಡು, ಹಬೆಯಾಡುವ ಹಿಟ್ಟನ್ನು ಮರದ ಹಲಗೆಯ ಮೇಲೆ ಉರುಳಿಸಿ ಮುದ್ದೆ ಕಟ್ಟುವಳು. ಒಬ್ಬೊಬ್ಬರಿಗೆ ಒಂದೊಂದು ಅಳತೆ. ಹೊರುವ ಅಪ್ಪನಿಗೂ ಭಟ್ಟಿ ಮುಂದೆ ನಿಲ್ಲುವ ಚಿಕ್ಕಪ್ಪನಿಗೂ ಎರಡೂ ಕೈ ತುಂಬುವಂಥದು. ಅಮ್ಮ, ಚಿಕ್ಕಮ್ಮನಿಗೆ ಅದಕ್ಕಿಂತ ಚಿಕ್ಕದು. ನನಗೂ ತಮ್ಮನಿಗೂ ನಿಂಬೆಹಣ್ಣಿಗಿಂತ ಸ್ವಲ್ಪ ದಪ್ಪ. ತನಗೆ ಪಾತ್ರೆಯ ತಳ ಕೆರೆದದ್ದು. ಮೈ ಎಷ್ಟು ದುಡಿಯಿತೋ ಹೊಟ್ಟೆಗೆ ಅಷ್ಟು, ಇದು ಅವ್ವನ ಕಾನೂನು. ಎರಡು ದಿನ ಜ್ವರ ಬಂದು ಮಲಗಿದವರ ಮುದ್ದೆ ಸಣ್ಣದಾಗುವುದನ್ನು ನಾನೇ ನೋಡಿದ್ದೆ. ಅದರಲ್ಲಿ ಯಾರಿಗೂ ಏನೂ ತಪ್ಪು ಕಂಡಿರಲಿಲ್ಲ.

ಅಪ್ಪ ಮಾವಿನ ಮರದಿಂದ ಬಿದ್ದ ಮೇಲೆ ಈ ಕಾನೂನು ನನ್ನ ಎದೆ ಮೇಲೆ ಕೂತಿತು. ತುದಿಕೊಂಬೆಯ ಕಾಯಿಗೆ ದೋಟಿ ಎಟುಕಲಿಲ್ಲವೆಂದು ಇನ್ನೊಂದು ಹೆಜ್ಜೆ ಮೇಲೆ ಹೋಗಿದ್ದನಂತೆ, ಕೊಂಬೆ ಲಟಕ್ಕನೆ ಮುರಿಯಿತಂತೆ. ಕೋಲಾರದ ಆಸ್ಪತ್ರೆಯಲ್ಲಿ ತೊಡೆಗೆ ರಾಡು ಹಾಕಿ ಕಳಿಸಿದರು. ಇನ್ನು ಹೊರುವ ಹಾಗಿಲ್ಲ, ಹತ್ತುವ ಹಾಗಿಲ್ಲ, ನಡೆಯುವುದೂ ದೇವರಿಚ್ಛೆ ಎಂದರು. ಅಪ್ಪನನ್ನು ಪಡಸಾಲೆಯ ಮೂಲೆಯಲ್ಲಿ ಮಲಗಿಸಿದರು. ಆ ಸಂಜೆ ಅವ್ವ ಮುದ್ದೆ ಕಟ್ಟುವಾಗ ನಾನು ಬಾಗಿಲ ಬಳಿ ನಿಂತು ಅವಳ ಕೈಯನ್ನೇ ನೋಡಿದೆ. ಅಪ್ಪನ ತಟ್ಟೆಗೆ ಹೋದದ್ದು ಹಳೆಯ ಅಳತೆಯದೇ, ಎರಡೂ ಕೈ ತುಂಬುವಂಥದು. ಉಸಿರು ಬಿಟ್ಟೆ. ಆದರೆ ಮಾರನೇ ಸಂಜೆ ಮತ್ತೆ ಅದೇ ಭಯ. ಇವತ್ತು ಕಡಿಮೆ ಮಾಡ್ತಾಳಾ? ಅದರ ಮಾರನೇ ದಿನವೂ ಅದೇ. ಶಾಲೆಯಲ್ಲಿ ಕೊನೆಯ ಗಂಟೆ ಹೊಡೆದರೆ ಬೇರೆ ಮಕ್ಕಳು ಕುಣಿಯುತ್ತಿದ್ದರು, ನಾನು ಬೇಕೆಂದೇ ನಿಧಾನವಾಗಿ ಚೀಲ ಕಟ್ಟುತ್ತಿದ್ದೆ.

ಹೆದರಲು ನನಗೆ ಕಾರಣ ಇತ್ತು. ನಮ್ಮ ಬೀದಿಯ ಮೇಲಿನ ಮನೆಯವರಲ್ಲಿ ಹೀಗೇ ಶುರುವಾದದ್ದು. ನನ್ನ ಕ್ಲಾಸಿನ ಲಕ್ಷ್ಮೀದೇವಿಯ ಅಪ್ಪ ತೀರಿಕೊಂಡ ಮೇಲೆ ಅವರ ದೊಡ್ಡಪ್ಪ ಊಟದ ಹೊತ್ತಿಗೆ ಏನೇನೋ ಗೊಣಗತೊಡಗಿದ. ಒಂದು ದಿನ ಹಿತ್ತಲಲ್ಲಿ ಮೂರು ಕಲ್ಲು ಬಂದವು. ಅಂದರೆ ಒಲೆ ಬೇರೆ ಎಂದು ಅರ್ಥ. ದೊಡ್ಡ ಒಲೆಯಿಂದ ಮನೆಯ ಹಿರಿಯಳು ಕೆಂಡ ಕೊಟ್ಟರೆ ಮುಗಿಯಿತು, ಮನೆ ಎರಡಾದಂತೆ. ಕಲ್ಲು ಬಂದ ಮೇಲೆ ಗೋಡೆ ಬಂತು. ಗೋಡೆ ಬಂದ ಮೇಲೆ ಲಕ್ಷ್ಮೀದೇವಿ ಶಾಲೆಗೆ ಬರಲಿಲ್ಲ. ತಾಯಿಯ ಜತೆ ಮಾಲೂರು ಕಡೆಯ ಇಟ್ಟಿಗೆ ಗೂಡಿಗೆ ಹೋಗುತ್ತಾಳೆ ಎಂದರು. ಆಮೇಲೆ ಒಮ್ಮೆ ಬಸ್ಸಿನ ಕಿಟಕಿಯಲ್ಲಿ ಕಂಡಳು. ಕೂದಲು, ರೆಪ್ಪೆ ಎಲ್ಲ ಕೆಂಪು ಧೂಳು. ನನ್ನ ನೋಡಿ ನಗಲೂ ಇಲ್ಲ.

ಚಿಕ್ಕಪ್ಪ ಕೆಟ್ಟವನಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಕತೆ ಹೇಳುವಾಗ ಸಂಬಳದವನನ್ನು ಕೇಡಿಗನನ್ನಾಗಿ ಮಾಡುವುದು ಸಲೀಸು. ಮಾಲೂರಿನಿಂದ ಬರುವಾಗ ನನಗೂ ತಮ್ಮನಿಗೂ ಬೆಣ್ಣೆ ಬಿಸ್ಕತ್ತು ತರುತ್ತಿದ್ದ. ಅಪ್ಪನನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಿದವನೂ ಅವನೇ. ಆದರೆ ಭಟ್ಟಿಯ ಮುಂದೆ ಒಂದು ಪಾಳಿ ಸಾಲದೆ ಎರಡು ಪಾಳಿ ನಿಲ್ಲತೊಡಗಿದ ಮೇಲೆ ಅವನ ಮುಖ ಕಂದಿತು. ಉಣ್ಣಲು ಅಪ್ಪನ ಎದುರಿನ ಮಣೆಯಲ್ಲೇ ಕೂರುತ್ತಿದ್ದ, ಚಿಕ್ಕಂದಿನಿಂದ ಅವರಿಬ್ಬರದು ಎದುರುಬದುರು. ಅವನ ಕಣ್ಣು ಅಪ್ಪನ ತಟ್ಟೆಗೆ ಹೋಗುತ್ತಿತ್ತು. ಬೇಕೆಂದು ನೋಡುತ್ತಿದ್ದನೋ, ಸುಸ್ತಾದ ಕಣ್ಣು ಎದುರಿಗಿದ್ದ ಕಡೆ ಬೀಳುತ್ತಿತ್ತೋ, ಗೊತ್ತಿಲ್ಲ. ಅಪ್ಪ ಮುದ್ದೆ ಬರುವ ಮುಂಚೆಯೇ "ಸಾಕು ಸಾಕು" ಅನ್ನತೊಡಗಿದ್ದ. ಅವ್ವ ಕೇಳಿಸದವಳ ಹಾಗೆ ಇಟ್ಟು ಹೋಗುತ್ತಿದ್ದಳು. ಅಪ್ಪ ಅರ್ಧ ತಿಂದು ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದ.

ಒಂದು ಸಂಜೆ ಅದು ಒಡೆಯಿತು. ಹುರುಳಿಕಾಳಿನ ಸಾರಿನ ದಿನ. ಅಪ್ಪ ಅರ್ಧ ಮುದ್ದೆ ಬಿಟ್ಟು ಕೈ ತೊಳೆದ.

"ಬೇಡ ಅಂದ್ರೆ ಮೊದ್ಲೇ ಕಮ್ಮಿ ಹಾಕಿಸ್ಕೊಬಾರ್ದಾ ಅಣ್ಣ?" ಅಂದ ಚಿಕ್ಕಪ್ಪ. ದನಿ ಜೋರಿರಲಿಲ್ಲ. "ಬೆಂಕಿ ಮುಂದೆ ನಿಂತು ಬಂದೋನಿಗೂ ಅದೇ ಮುದ್ದೆ, ಮಲಗಿದ್ದೋನಿಗೂ ಅದೇ ಮುದ್ದೆ. ಅಮ್ಮಾ, ನಿನ್ ಕಾನೂನು ಎಲ್ಲೋಯ್ತು?"

ಚಿಕ್ಕಮ್ಮ ತಲೆ ತಗ್ಗಿಸಿಕೊಂಡೇ ಸೇರಿಸಿದಳು, "ಇವ್ರು ಎರಡೆರಡು ಪಾಳಿ ಮಾಡೋದ್ರಿಂದ ತಾನೆ ಅತ್ತೆ, ಪಾತ್ರೆಗೆ ಹಿಟ್ಟು ಬೀಳೋದು."

ನನ್ನ ಅಮ್ಮ ಎಂದೂ ಗಂಡಸರೆದುರು ಮಾತಾಡಿದವಳಲ್ಲ. ಅವತ್ತು ಸೌಟು ಕೈಯಲ್ಲಿ ಹಿಡಿದೇ ಅಂದಳು, "ಮೂಳೆ ಕೂಡ್ಬೇಕಲ್ಲಪ್ಪ. ಅದಕ್ಕೂ ಅನ್ನ ಬೇಡ್ವಾ? ಯಾರಿಗೆ ಎಷ್ಟು ಬೇಕು ಅಂತ ನೋಡ್ಬೇಕೋ, ಯಾರು ಎಷ್ಟು ತಂದ್ರು ಅಂತ ನೋಡ್ಬೇಕೋ?"

"ನೋರು ಮೂಸ್ಕೋಂಡಿ!" ಅಂದಳು ಅವ್ವ. ತೆಲುಗು ಬಂತು, ಎಲ್ಲರ ಬಾಯಿ ಮುಚ್ಚಿತು. ಆದರೆ ನಾನು ಓಡಲಿಲ್ಲ. ಅವ್ವ ಗೂಡಿನಿಂದ ಮಜ್ಜಿಗೆ ಕುಡಿಯುವ ಹಿತ್ತಾಳೆ ಬಟ್ಟಲು ತೆಗೆದು ಎಲ್ಲರೆದುರು ನೆಲಕ್ಕೆ ಕುಕ್ಕಿದಳು. "ನಾಳೆಯಿಂದ ನನ್ ಕೈ ಅಳತೆ ಇಲ್ಲ. ಈ ಬಟ್ಟಲು. ಮಲಗಿದ್ದೋನಿಗೂ ಇದೇ, ಬೆಂಕಿ ಮುಂದೆ ನಿಂತೋನಿಗೂ ಇದೇ, ಮೊಲೆ ಬಿಟ್ಟ ಕೂಸಿಗೂ ಇದೇ. ಆಯ್ತಾ? ಎಲ್ರೂ ಸಮ. ಇನ್ನು ಯಾರಾದ್ರೂ ಇನ್ನೊಬ್ರ ತಟ್ಟೆ ಮಾತೆತ್ತಿದ್ರೆ ನೋಡಿ."

ಆಮೇಲೆ ಕೋಲಾರದಲ್ಲಿ ಓದುವಾಗ, ಕೆಲಸ ಮಾಡುವಾಗ, ಯಾರಿಗೆ ಎಷ್ಟು ಸಲ್ಲಬೇಕು ಎಂದು ವೇದಿಕೆ ಮೇಲೆ ದೊಡ್ಡವರು ಗಂಟೆಗಟ್ಟಲೆ ವಾದಿಸುವುದನ್ನು ಕೇಳಿದ್ದೇನೆ. ದುಡಿದವನಿಗೆ ಅನ್ನುವವರು, ಬೇಕಾದವನಿಗೆ ಅನ್ನುವವರು, ಎಲ್ಲರಿಗೂ ಸಮ ಅನ್ನುವವರು. ಕುರ್ಚಿಯಲ್ಲಿ ಕೂತು ಕೇಳುತ್ತಾ, ಅಯ್ಯೋ ಇದನ್ನೆಲ್ಲ ಹುರುಳಿಕಾಳಿನ ಸಾರಿನ ಮುಂದೆ ನಮ್ಮ ಮನೆಯವರು ಆಗಲೇ ಆಡಿ ಮುಗಿಸಿದ್ದಾರಲ್ಲ ಅಂದುಕೊಂಡಿದ್ದೇನೆ. ಮನೆಯಲ್ಲಿ ಒಬ್ಬನೇ ಒಬ್ಬ ಏನೂ ಆಡಿರಲಿಲ್ಲ, ಅದು ಅಪ್ಪ. ಅವನನ್ನು ಯಾರೂ ಕೇಳಿರಲೂ ಇಲ್ಲ.

ಬಟ್ಟಲ ಮುದ್ದೆಯ ದಿನಗಳನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಅಳು ಬರುತ್ತಿತ್ತು. ಅವ್ವ ಬಟ್ಟಲಿಗೆ ನೀರು ಸವರಿ, ಹಿಟ್ಟು ಒತ್ತಿ, ತಟ್ಟೆಗೆ ಬೋರಲು ಹಾಕುವಳು. ಎಲ್ಲರ ಮುಂದೆಯೂ ಒಂದೇ ತರದ ಗುಡ್ಡ. ತಟ್ಟೆಯಲ್ಲಿ ಬಿಡುವ ಹಾಗಿಲ್ಲ. ನಾನು ಸಾರಿನಲ್ಲಿ ಅದ್ದಿ ಅದ್ದಿ ನುಂಗಿದರೂ ಗುಡ್ಡ ಕರಗುತ್ತಿರಲಿಲ್ಲ, ಗಂಟಲಲ್ಲಿ ನಿಂತು ಕಣ್ಣಲ್ಲಿ ನೀರು. ನನ್ನ ಎದುರಿಗೇ ಚಿಕ್ಕಪ್ಪ ನಾಲ್ಕು ತುತ್ತಿಗೆ ಮುಗಿಸಿ, ಒಂದು ಚೊಂಬು ನೀರು ಕುಡಿದು, ಇನ್ನೂ ಹಸಿದವನಾಗಿ ಎದ್ದು ಹೋಗುತ್ತಿದ್ದ. ಒಮ್ಮೆ ನನ್ನದರಲ್ಲಿ ಮುರಿದು ಅವನ ತಟ್ಟೆಗೆ ದಾಟಿಸಲು ಹೋದೆ. ಅವ್ವ ಕೈ ಮೇಲೆ ಛಟ್ಟನೆ ಹೊಡೆದಳು. "ಅವರವರದು ಅವರವರು ಉಣ್ಣಿ." ಅಪ್ಪ ಎಲ್ಲವನ್ನೂ ನೋಡುತ್ತಿದ್ದ. ಅವನಿಗೆ ಈಗ ಚಿಕ್ಕಪ್ಪನದೊಂದೇ ಅಲ್ಲ, ಎಲ್ಲರ ಕಣ್ಣೂ ತನ್ನ ತಟ್ಟೆಯ ಮೇಲೆ ಇರುವಂತೆ ಅನ್ನಿಸಿರಬೇಕು.

ಆ ದಿನಗಳಲ್ಲೇ ಹಿತ್ತಲಿಗೆ ಸಗಣಿ ಎಸೆಯಲು ಹೋದವಳು ಕೊಟ್ಟಿಗೆಯ ಗೋಡೆಯ ಪಕ್ಕದಲ್ಲಿ ಕಲ್ಲು ನೋಡಿದೆ. ಎರಡು ದೊಡ್ಡವು, ಸ್ವಲ್ಪ ಚಿಕ್ಕದೊಂದು. ನಡುವೆ ಪಾತ್ರೆ ಕೂರುವಷ್ಟು ಜಾಗ. ಕೈಯ ಮಂಕರಿ ಬಿದ್ದುಹೋಯಿತು. ಸುತ್ತ ಯಾರೂ ಇರಲಿಲ್ಲ. ಹಸು ಮೆಲುಕು ಹಾಕುವ ಸದ್ದು ಬಿಟ್ಟರೆ ಏನೂ ಇಲ್ಲ. ಲಕ್ಷ್ಮೀದೇವಿಯ ಕೆಂಪು ರೆಪ್ಪೆ ಕಣ್ಣಮುಂದೆ ಬಂತು. ಮೂರನ್ನೂ ಕಾಲಿನಿಂದ ಒದ್ದು ಉರುಳಿಸಿ, ಹಿಂದಿರುಗಿ ನೋಡದೆ ಓಡಿದೆ. ಮಾರನೇ ದಿನ ಹೋಗಿ ನೋಡುತ್ತೇನೆ, ಮೂರೂ ಮತ್ತೆ ಅದೇ ಜಾಗದಲ್ಲಿ ಎದ್ದು ಕೂತಿವೆ. ದಿನಾ ಒದ್ದೆ, ದಿನಾ ಎದ್ದು ಕೂತವು.

ಚಿಕ್ಕಮ್ಮನೇ, ಇನ್ಯಾರು? ಹಾಗೆಂದು ನಾನು ಗಟ್ಟಿ ಮಾಡಿಕೊಂಡೆ. ಅವಳು ಎಲ್ಲಿ ಹೋದರೂ ಹಿಂದೆ ಹಿಂದೆ ಹೋದೆ. ನೀರಿಗೆ ಹೋದರೆ ನಾನೂ, ಹುಲ್ಲಿಗೆ ಹೋದರೆ ನಾನೂ. ಅವಳು ಒಮ್ಮೆ ನಿಂತು, "ಏನೇ ಸುಗುಣ, ನನ್ ಬೆನ್ನಿಗೇ ಅಂಟ್ಕೊಂಡಿದೀಯ? ನಿಮ್ಮಮ್ಮ ಕಳ್ಸಿದ್ಲಾ?" ಅಂದಳು. ಅವಳ ಮುಖವೂ ಬಿಳಿಚಿತ್ತು. ಅವಳೂ ಕಲ್ಲು ನೋಡಿದ್ದಾಳೆ, ಅವಳು ನಮ್ಮ ಅಮ್ಮನ ಮೇಲೆ ಅನುಮಾನ ಪಟ್ಟಿದ್ದಾಳೆ ಎಂದು ಆಗ ಹೊಳೆಯಲಿಲ್ಲ. ಅದೇ ಸಂಜೆ ಒಲೆಯ ಮುಂದೆ ಅವರಿಬ್ಬರ ಮಾತು ಕೇಳಿಸಿತು.

"ಅಕ್ಕಾ, ಹಿತ್ತಲ ಕಡೆ ಹೋಗಿದ್ರಾ?"

"ನಾನ್ಯಾಕೆ ಹೋಗ್ಲಿ? ನೀನ್ ಹೋಗಿದ್ಯಾ?"

"ನಂಗೇನ್ ಕೆಲ್ಸ ಅಲ್ಲಿ?"

ಅಷ್ಟೇ. ಕಲ್ಲಿನ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಹೆಸರೆತ್ತಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಅವತ್ತಿನ ಸಾರಿಗೆ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದೆ ಉಪ್ಪು ಹಾಕಿದ್ದರು, ಬಾಯಿಗಿಡುವ ಹಾಗಿರಲಿಲ್ಲ. ಯಾರೂ ಉಪ್ಪು ಹೆಚ್ಚಾಯಿತು ಅನ್ನಲಿಲ್ಲ. ಎಂಥಾ ಮನೆ ಆಗಿಹೋಗಿತ್ತು ನಮ್ಮದು! ಉಪ್ಪಿನ ಮಾತೆತ್ತಲೂ ಭಯ.

ಶನಿವಾರ ಅರ್ಧ ದಿನದ ಶಾಲೆ. ಮನೆಗೆ ಬಂದಾಗ ಅಮ್ಮನೂ ಚಿಕ್ಕಮ್ಮನೂ ತಮ್ಮನನ್ನು ಕರೆದುಕೊಂಡು ಹುಲ್ಲಿಗೆ ಹೋಗಿದ್ದರು, ಅವ್ವ ರಾಗಿ ಹಿಟ್ಟು ಮಾಡಿಸಲು ಮಿಲ್ಲಿಗೆ. ಪಡಸಾಲೆಯಲ್ಲಿ ಅಪ್ಪನ ಹಾಸಿಗೆ ಖಾಲಿ. ಊರುಗೋಲು ಗೋಡೆಗೆ ಒರಗಿಸಿದ್ದು ಹಾಗೇ ಇದೆ. ಹಿತ್ತಲಿನಿಂದ ಸರ್ರ್ ಎಂದು ಏನೋ ಎಳೆದಾಡುವ ಸದ್ದು, ನಿಂತು ಮತ್ತೆ ಸರ್ರ್. ಹಾವು ಅಂದುಕೊಂಡೆ. ಹಿಂಬಾಗಿಲಿನಿಂದ ಇಣುಕಿದರೆ ಅಪ್ಪ. ನೆಲದ ಮೇಲೆ ಕೂತು, ರಾಡು ಹಾಕಿದ ಕಾಲನ್ನು ಮುಂದಕ್ಕೆ ಚಾಚಿ, ಕೈಯೂರಿ ಕುಂಡಿಯ ಮೇಲೆ ತೆವಳುತ್ತಿದ್ದಾನೆ. ಮಡಿಲಲ್ಲಿ ಕಲ್ಲು. ನಾನು ಬೆಳಿಗ್ಗೆ ಒದ್ದು ಉರುಳಿಸಿದ ಕಲ್ಲು.

"ಅಪ್ಪಾ... ನೀನಾ?"

ಅಪ್ಪ ಬೆಚ್ಚಿದ. ಕಲ್ಲನ್ನು ಬಚ್ಚಿಡುವವನಂತೆ ಪಂಚೆ ಎಳೆದುಕೊಂಡ. ಆಮೇಲೆ ಮೆಲ್ಲಗೆ, "ಒದೀತಿದ್ದೋಳು ನೀನೇನಾ?" ಅಂದ.

"ನಾವು ಇಟ್ಟಿಗೆ ಗೂಡಿಗೆ ಹೋಗ್ಬೇಕಾ ಅಪ್ಪ?"

"ಯಾರೇ ಅಂದಿದ್ದು?"

"ಲಕ್ಷ್ಮೀದೇವಿ ಹೋದ್ಲಲ್ಲ."

ಅಪ್ಪ ತನ್ನ ಕೈ ನೋಡಿಕೊಂಡ. ಅಂಗೈ ಎಲ್ಲ ತರಚಿ ಮಣ್ಣು ಮೆತ್ತಿತ್ತು. "ನಿಂಗೆ ಹೆಂಗ್ ಹೇಳ್ಲಿ ಕಣೇ," ಅಂದ. "ಸಂಜೆ ಆದ್ರೆ ನಂಗೆ ಭಯ ಆಗ್ತದೆ. ತಟ್ಟೆ ತಂದು ಮುಂದಕ್ಕೆ ಇಡ್ತಾರಲ್ಲ, ಆವಾಗ. ಮರದಿಂದ ಬೀಳೋವಾಗ್ಲೂ ಇಷ್ಟು ಹೆದ್ರಿರ್ಲಿಲ್ಲ. ಮುನಿರಾಜು ಒಳ್ಳೇವ್ನು, ಅವನ್ನ ಏನೂ ಅನ್ನಲ್ಲ ನಾನು. ಆದ್ರೆ ನಾನು ನುಂಗೋ ತುತ್ತು ಗಂಟಲಲ್ಲಿ ಇಳಿಯೋವರ್ಗೂ ಅವ್ನು ನೋಡ್ತಿರ್ತಾನೆ. ಗಂಜಿ ಕುಡ್ಕೊಂಡು ಇರ್ತೀನಿ. ಯಾರೂ ನೋಡ್ದೇ ಇದ್ರೆ ಸಾಕು."

ದಿನಾ ಸಂಜೆ ನನಗೆ ಆಗುತ್ತಿದ್ದ ಭಯವೇ ಅಪ್ಪನಿಗೂ ಆಗುತ್ತಿತ್ತು. ಅಪ್ಪಂದಿರಿಗೆ ಭಯ ಆಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅದು ಗೊತ್ತಾದ ಮೇಲೆ ನನ್ನ ಭಯ ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಅಪ್ಪ ಕಲ್ಲನ್ನು ಜಾಗಕ್ಕೆ ಕೂರಿಸಿ, ಒಡೆದ ಮಡಕೆಯ ಚೂರೊಂದನ್ನು ನನ್ನ ಕೈಗೆ ಕೊಟ್ಟ. "ಅವ್ವ ಒಲೆ ದೊಡ್ಡದು ಮಾಡಿದ್ಮೇಲೆ ಹೋಗಿ ಕೆಂಡ ಕೇಳು. ನಂಗೆ ಬಾಯಿ ಬರಲ್ಲ."

ದೀಪ ಹಚ್ಚುವ ಹೊತ್ತು. ಹಿಟ್ಟಿಗೆ ಎಸರು ಇಟ್ಟು ಅವ್ವ ಒಲೆ ಊದುತ್ತಿದ್ದಳು. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು, ಚಿಕ್ಕಮ್ಮ ಬೆಳ್ಳುಳ್ಳಿ. ನಾನು ಮಡಕೆ ಚೂರು ಹಿಡಿದು ಬಾಗಿಲಲ್ಲಿ ನಿಂತೆ.

"ಏನೇ?" ಅಂದಳು ಅವ್ವ.

"ಕೆಂಡ... ಬೇಕಂತೆ."

"ಯಾರಿಗೆ?"

ನಾನು ಹಿಂಬಾಗಿಲಿನ ಕಡೆ ನೋಡಿದೆ. ಅಮ್ಮನ ಕೈಯಿಂದ ಸೊಪ್ಪು ಜಾರಿತು. ಅವ್ವ ನನ್ನ ಮುಖ ನೋಡಿದಳು, ಎದ್ದು ಹಿಂಬಾಗಿಲಿಗೆ ಬಂದು ನೋಡಿದಳು. ಕೊಟ್ಟಿಗೆಯ ಪಕ್ಕ ಅಪ್ಪ ಮೂರು ಕಲ್ಲಿನ ಮುಂದೆ, ನೆಲ ನೋಡುತ್ತಾ ಕೂತಿದ್ದ. ಅವ್ವ ಒಳಗೆ ಬಂದಳು. ಎಸರಿನ ಪಾತ್ರೆಯನ್ನು ಇಳಿಸಿದಳು. ಬಿಂದಿಗೆ ಎತ್ತಿ ಒಲೆಗೆ ಸುರಿದುಬಿಟ್ಟಳು.

ಚೊಸ್ ಎಂದು ಎದ್ದ ಹೊಗೆ ಮತ್ತು ಬೂದಿಯಲ್ಲಿ ಒಬ್ಬರಿಗೊಬ್ಬರು ಕಾಣಲಿಲ್ಲ. "ಅಯ್ಯಯ್ಯೋ ಅತ್ತೇ!" ಎಂದು ಚಿಕ್ಕಮ್ಮ ಚೀರಿದ್ದು ಕೇಳಿಸಿತು. ಅಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ನಾನು ಹುಟ್ಟಿದಾಗಿನಿಂದ ಕೆಂಪಗೆ ಇದ್ದ ಆ ಒಲೆ ಕಪ್ಪಗಾಗಿ ನೀರು ಸೋರಿಸುತ್ತಿತ್ತು. ಯಾರೋ ಸತ್ತರು, ಇವತ್ತು ಯಾರೋ ಸಾಯುತ್ತಾರೆ ಎಂದು ನನಗೆ ಖಾತ್ರಿಯಾಯಿತು.

"ಹೋಗಿ ನಿಮ್ಮಪ್ಪಂಗೆ ಹೇಳು," ಅಂದಳು ಅವ್ವ. "ಕೊಡೋಕೆ ಈ ಮನೇಲಿ ಬೆಂಕಿ ಇಲ್ಲ ಅಂತ."

ಅಷ್ಟರಲ್ಲಿ ಚಿಕ್ಕಪ್ಪ ಬಂದ. ಟಿಫನ್ ಡಬ್ಬಿ ಇಟ್ಟು, ಕಾಲು ತೊಳೆದು, ನೇರ ಮಣೆಗೆ ಬಂದವನು ಕಪ್ಪು ಒಲೆ ಕಂಡು ನಿಂತ. "ಏನಾಯ್ತು? ಯಾರು ಹೋದ್ರು?" ಅಂದ. ಅವನಿಗೂ ಅದೇ ತೋಚಿತ್ತು. ಹಿಂಬಾಗಿಲಿಗೆ ಹೋದ, ಕಲ್ಲನ್ನೂ ಅದರ ಮುಂದೆ ಕೂತ ಅಣ್ಣನನ್ನೂ ನೋಡಿದ. ಹೆಂಡತಿಯ ಕಡೆ ತಿರುಗಿದ.

"ಇದ್ಯಾರೇ ಇಟ್ಟಿದ್ದು?"

"ನನ್ನಾಣೆ ನಾನಲ್ಲ, ನಿಮ್ ಮೇಲಾಣೆ!" ಚಿಕ್ಕಮ್ಮ ಅಳತೊಡಗಿದಳು.

"ನಿಮ್ಮಣ್ಣ ಇಟ್ಟಿದ್ದು ಕಣೋ," ಅಂದಳು ಅವ್ವ. "ನಿನ್ ಕಣ್ಣಿಗೆ ಹೆದ್ರಿ."

ಚಿಕ್ಕಪ್ಪ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಒಲೆಯ ಮುಂದೆ ಕೂತ. ಅವ್ವ ಅವನ ಕೈ ಹಿಡಿದಳು. "ಕಡ್ಡಿ ಗೀರಿದ ಒಲೇಲಿ ನಾನು ಮುದ್ದೆ ಮಾಡಲ್ಲ. ಆರಿದ ಒಲೆಗೆ ಇನ್ನೊಂದು ಮನೆಯಿಂದ ಕೇಳಿ ತರ್ಬೇಕು. ಹೋಗು, ಬೀಬಮ್ಮನ ಮನೇಲಿ ಕೇಳ್ಕೊಂಡು ಬಾ."

"ಸುಗುಣನ್ನ ಕಳ್ಸು."

"ಮಗೂನ್ಯಾಕೆ? ಮನೆ ಸಾಕೋನು ನೀನಲ್ವಾ? ನೀನೇ ಹೋಗು."

ನನ್ನ ಕೈಯಲ್ಲಿದ್ದ ಮಡಕೆ ಚೂರನ್ನು ಅವನು ತೆಗೆದುಕೊಂಡ. ನಾನೂ ಹಿಂದೆ ಹೋದೆ, ಆ ಕಪ್ಪು ಒಲೆಯ ಹತ್ತಿರ ಇರಲು ಹೆದರಿಕೆಯಾಗಿ. ಬೀಬಮ್ಮನ ಗಂಡ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ, ಅವರ ಅಂಗಳದಲ್ಲಿ ಯಾವಾಗಲೂ ಬೆಂಕಿ. ಊರಿನಲ್ಲಿ ಸಂಬಳ ತರುವವನೆಂದು ಹೆಸರಾದ ಚಿಕ್ಕಪ್ಪ ಅವರ ಹೊಸಿಲಿನ ಹೊರಗೆ ಮಡಕೆ ಚೂರು ಹಿಡಿದು ನಿಂತ. ಒಳಗೆ ಎಲ್ಲರೂ ಊಟಕ್ಕೆ ಕೂತಿದ್ದರು. ಅವರ ಮಕ್ಕಳು ತಿನ್ನುವುದು ನಿಲ್ಲಿಸಿ ಅವನನ್ನು ನೋಡಿದವು.

"ಏನ್ ಮುನಿರಾಜು?" ಅಂದಳು ಬೀಬಮ್ಮ ಒಳಗಿನಿಂದ.

"ಸ್ವಲ್ಪ... ಕೆಂಡ ಬೇಕಿತ್ತು ಬೀಬಮ್ಮ. ನಮ್ದು ಆರೋಯ್ತು."

"ನಿಮ್ಮ ಅಮ್ಮಂದು ಒಲೆ ಆರೋಯ್ತಾ? ಯಾ ಅಲ್ಲಾ!" ಬೀಬಮ್ಮ ತಟ್ಟೆ ಬಿಟ್ಟು ಎದ್ದು ಬಂದಳು. ಇಕ್ಕಳದಲ್ಲಿ ಒಂದು ಕೆಂಡ ಇಟ್ಟಳು, ಇನ್ನೊಂದು ಇಟ್ಟಳು. ಮಡಕೆ ಚೂರು ಇನ್ನೂ ತುಂಬಿರಲಿಲ್ಲ, ಮನೆಯವರೆಗೆ ಬದುಕುವಷ್ಟೂ ಇರಲಿಲ್ಲ, ಅಷ್ಟರಲ್ಲೇ ಅವನು ಅವಸರವಾಗಿ, "ಸಾಕು ಸಾಕು," ಅಂದ.

ಅದು ಅಪ್ಪನ ದನಿ. ಮುದ್ದೆ ಬರುವ ಮುಂಚೆ ಅಪ್ಪ ಅನ್ನುವುದು ಹೀಗೇ, ಇದೇ ಅವಸರದಲ್ಲಿ. ಚಿಕ್ಕಪ್ಪನಿಗೂ ಅದು ಕೇಳಿಸಿರಬೇಕು, ಬಾಯಿ ಮುಚ್ಚಿಕೊಂಡ. ಬೀಬಮ್ಮ ಅವನ ಮುಖ ಒಮ್ಮೆ ನೋಡಿದಳು. ಆಮೇಲೆ ಮಕ್ಕಳಿಗೆ ಏನೋ ಉರ್ದುವಿನಲ್ಲಿ ಗದರಿದಳು, ಅವು ತಟ್ಟೆಯ ಕಡೆ ತಿರುಗಿಕೊಂಡವು. ಅವಳೂ ಕತ್ತು ಆಚೆಗೆ ಹೊರಳಿಸಿ, ಗಂಡನಿಗೆ ನೀರು ಬೇಕೇ ಎಂದು ಕೇಳುತ್ತಾ, ನಮ್ಮ ಕಡೆ ನೋಡದೆಯೇ ಕೆಂಡ ಇಡುತ್ತಾ ಹೋದಳು. ಚೂರು ತುಂಬುವವರೆಗೂ ಅವಳು ತಿರುಗಲಿಲ್ಲ.

ಮನೆಗೆ ಬಂದು ಕೆಂಡವನ್ನು ಅವ್ವನ ಮುಂದೆ ಇಟ್ಟು, ಚಿಕ್ಕಪ್ಪ ಹಿತ್ತಲಿಗೆ ಹೋದ. ಅಪ್ಪನ ತೋಳನ್ನು ಹೆಗಲ ಮೇಲೆ ಹಾಕಿಕೊಂಡು ಒಳಗೆ ತಂದು ಮಣೆಯಲ್ಲಿ ಕೂರಿಸಿದ. ಒಲೆ ಒದ್ದೆ, ಸೌದೆ ಒದ್ದೆ, ಹೊತ್ತಿಕೊಳ್ಳಲು ಬಹಳ ಹೊತ್ತಾಯಿತು. ಅಮ್ಮನೂ ಚಿಕ್ಕಮ್ಮನೂ ಸರದಿಯ ಮೇಲೆ ಊದಿದರು. ಹಿಟ್ಟು ತೊಳಸಿದ ಮೇಲೆ ಅವ್ವ ಹಿತ್ತಾಳೆ ಬಟ್ಟಲನ್ನು ಕೈಗೆ ತೆಗೆದುಕೊಂಡು, ಒಂದು ಗಳಿಗೆ ನೋಡಿ, ಗೂಡಿನಲ್ಲಿ ಬೋರಲು ಹಾಕಿದಳು. ಕೈಗೆ ನೀರು ಮುಟ್ಟಿಸಿಕೊಂಡಳು. ಚಿಕ್ಕಪ್ಪನಿಗೆ ಎರಡೂ ಕೈ ತುಂಬುವಂಥದು. ನನಗೆ ನಿಂಬೆಹಣ್ಣಿಗಿಂತ ಸ್ವಲ್ಪ ದಪ್ಪ. ಅಪ್ಪನಿಗೆ ಕಟ್ಟುವಾಗ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅದೂ ಎರಡೂ ಕೈ ತುಂಬುವಂಥದೇ. ಕಾನೂನು ಏನಾಯಿತು ಎಂದು ಯಾರೂ ಕೇಳಲಿಲ್ಲ.

ತಟ್ಟೆ ಅಪ್ಪನ ಮುಂದೆ ಬಂತು. ಅವನ ಬಾಯಿ ತೆರೆಯಿತು. ಆಗ ಚಿಕ್ಕಪ್ಪ ಎದ್ದ. ತನ್ನ ಮಣೆ ಎತ್ತಿ, ಗೋಡೆಯ ಕಡೆ ತಿರುಗಿಸಿ ಹಾಕಿಕೊಂಡು, ನಮಗೆಲ್ಲ ಬೆನ್ನು ಮಾಡಿ ಕೂತು ಉಣ್ಣತೊಡಗಿದ.

ಅವನು ಆಮೇಲೆ ಬದುಕಿದ್ದಷ್ಟು ದಿನ ಹಾಗೆಯೇ ಉಂಡ. ಬಂದ ನೆಂಟರು ಅಣ್ಣತಮ್ಮಂದಿರಿಗೆ ಮಾತಿಲ್ಲವೇನೋ ಅಂದುಕೊಂಡರು. ನನ್ನನ್ನು ಹೆಣ್ಣು ನೋಡಲು ಬಂದವರೂ ಅದನ್ನು ಗುಟ್ಟಾಗಿ ವಿಚಾರಿಸಿದರಂತೆ. ಇವತ್ತಿಗೂ ನನ್ನ ಹಾಸ್ಟೆಲಿನಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲು ಮಕ್ಕಳು ಎದ್ದಾಗ ನಾನು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತೇನೆ. ಮೇಡಮ್ಮಿಗೆ ಕಿಟಕಿಯ ಹುಚ್ಚು ಎಂದು ಅಡುಗೆಯವರು ನಗುತ್ತಾರೆ.

ಅವತ್ತು ಅಡುಗೆಮನೆಯಲ್ಲಿ ಒದ್ದೆ ಸೌದೆಯ ಹೊಗೆ ಇನ್ನೂ ಇತ್ತು. ಚಿಕ್ಕಪ್ಪನ ಬೆನ್ನು ಅಲ್ಲಾಡದೆ ಗೋಡೆಯ ಮುಂದೆ ಇತ್ತು. ಅಪ್ಪ ಆ ಬೆನ್ನನ್ನು ನೋಡುತ್ತಾ ಒಂದು ತುತ್ತು ಮುರಿದ, ಅದ್ದಿದ, ನುಂಗಿದ. ಇನ್ನೊಂದು. ಮತ್ತೊಂದು. ನಾವೆಲ್ಲ ತಲೆ ತಗ್ಗಿಸಿ ನಮ್ಮ ನಮ್ಮ ತಟ್ಟೆ ನೋಡಿಕೊಂಡೆವು. ಅರ್ಧಕ್ಕೆ ಬಂದಾಗ ಅವನ ಕೈ ನಿಂತಿತು. ಈಗ ಹೊಟ್ಟೆ ಸರಿಯಿಲ್ಲ ಅನ್ನುತ್ತಾನೆ, ಕೈ ತೊಳೆಯುತ್ತಾನೆ.

"ಅಮ್ಮಾ," ಅಂದ ಅಪ್ಪ. "ಇನ್ನೊಂಚೂರು ಸಾರು ಬಿಡು."